ಬಿಳಿ ಯಾವುದೆಂದು ಕೇಳುವ ಕ್ಯಾಮೆರಾ

ಬಣ್ಣದಕ್ಕನಿಗೆ ಓದು ಬರೋದೇ ಇಲ್ಲ ಅಂತಲ್ಲ. ತನ್ನ ಹೆಸರು ಬರೆಯುತ್ತಾಳೆ. ಬಸ್ಸಿನ ಬೋರ್ಡನ್ನು ಕೂಡಿಸಿ ಕೂಡಿಸಿ ಓದುತ್ತಾಳೆ, ಓದಿ ಮುಗಿಯುವ ಹೊತ್ತಿಗೆ ಬಸ್ಸು ಮುಂದಿನ ತಿರುವಿನಲ್ಲಿರುತ್ತದೆ. ಆದರೆ ಎರಡು ಲಡಿ ನೂಲು ಅವಳ ಮುಂದೆ ಹಿಡಿದು, ಇವೆರಡೂ ಒಂದೇ ಬಣ್ಣವೋ ಬೇರೆಯೋ ಎಂದು ಕೇಳಿದರೆ, ಮೂವತ್ತೆಂಟು ವರ್ಷದಲ್ಲಿ ಅವಳು ತಪ್ಪು ಹೇಳಿದ್ದನ್ನು ಮಿಲ್ಲಿನಲ್ಲಿ ಯಾರೂ ಕಂಡಿರಲಿಲ್ಲ. ಹೋದ ತಿಂಗಳವರೆಗೆ.

ಅವಳು ನೂಲಿಗೆ ಬಣ್ಣ ಹಾಕುವ ಮಿಲ್ಲಿಗೆ ಬಂದದ್ದು ಹದಿನೇಳನೇ ವಯಸ್ಸಿನಲ್ಲಿ, ಲಡಿ ಕಟ್ಟುವ ಕೆಲಸಕ್ಕೆ. ಅಲ್ಲಿದ್ದ ಮುದುಕ ಮೇಸ್ತ್ರಿಯೊಬ್ಬ ಒಂದು ದಿನ ತೊಟ್ಟಿಯಿಂದ ತೆಗೆದ ನೂಲನ್ನು ಮಾದರಿಯ ಪಕ್ಕ ಇಟ್ಟು ನೋಡುತ್ತಿದ್ದಾಗ, ಹಿಂದಿನಿಂದ ಈ ಹುಡುಗಿ, "ಕೆಂಪು ಜಾಸ್ತಿಯಾಯ್ತು" ಅಂದಳು. "ನಿನಗೇನು ಗೊತ್ತು, ಹೋಗೇ" ಅಂದ ಮುದುಕ. ಆಮೇಲೆ ನೂಲು ಒಣಗಿದ ಮೇಲೆ ನೋಡಿದ. ಕೆಂಪು ಜಾಸ್ತಿಯಾಗಿತ್ತು. ಮಾರನೇ ದಿನದಿಂದ ಅವಳನ್ನು ಕಿಟಕಿಯ ಹತ್ತಿರ ಕೂರಿಸಿಕೊಂಡ.

ಆ ಕಿಟಕಿಗೆ ಬಿಸಿಲು ನೇರ ಬೀಳುವುದಿಲ್ಲ. ಬಣ್ಣ ನೋಡುವ ಕೆಲಸವೆಲ್ಲ ಅಲ್ಲೇ ಆಗಬೇಕು, ಹಗಲಲ್ಲೇ ಆಗಬೇಕು. ದೀಪದ ಕೆಳಗೆ ಒಂದೇ ಥರ ಕಾಣುವ ಎರಡು ನೂಲು ಹೊರಗೆ ತಂದರೆ ಬೇರೆಯಾಗಿಬಿಡುತ್ತವೆ. ಒದ್ದೆ ನೂಲನ್ನೂ ನಂಬಬಾರದು, ಒಣಗಿದ ಮೇಲೆ ಅದರ ಬಣ್ಣವೇ ಬೇರೆ. ಇವೆರಡು ಮಾತು ಮುದುಕ ಅವಳಿಗೆ ಮೊದಲ ದಿನವೇ ಹೇಳಿಕೊಟ್ಟಿದ್ದ. ಮಳೆಗಾಲದ ಮಬ್ಬು ದಿನಗಳಲ್ಲಿ ಮಾಲೀಕ ತಲೆ ಮೇಲೆ ನಿಂತು, "ಲಾರಿ ಕಾಯ್ತಾ ಇದೆ, ಟ್ಯೂಬ್‌ಲೈಟ್ ಹಾಕ್ಕೊಂಡು ನೋಡಮ್ಮ" ಎಂದು ಕೂಗಾಡಿದರೂ, "ಲಾರಿಗೆ ಟೀ ಕುಡಿಸಿ" ಎಂದು ಇವಳು ಕೂತಲ್ಲಿಂದ ಅಲುಗುತ್ತಿರಲಿಲ್ಲ.

ಹೋದ ತಿಂಗಳು ಅವಳು ಒಪ್ಪಿ ಕಳಿಸಿದ ಕಡುನೀಲಿಯ ಒಂದು ಲಾಟು ವಾಪಸ್ಸು ಬಂತು. ಬಣ್ಣ ಹೊಂದಿಲ್ಲವಂತೆ. ಈಗಿನ ಮೇಸ್ತ್ರಿ ಬೈಯಲಿಲ್ಲ, ಅದೇ ಕೆಟ್ಟದ್ದು. "ಅಕ್ಕ, ಒಂದ್ಸಲ ಕಣ್ಣು ತೋರಿಸ್ಕೊಂಡು ಬಾ" ಅಂದ. ಕಣ್ಣಿನ ಡಾಕ್ಟರು ಟಾರ್ಚು ಹಿಡಿದು ನೋಡಿ, ಎರಡೂ ಕಣ್ಣಿಗೆ ಪೊರೆ ಬಂದಿದೆ, ಹಳದಿ ಗಾಜಿನಿಂದ ನೋಡಿದ ಹಾಗೆ ಕಾಣುತ್ತಿರುತ್ತದೆ, ತೆಗೆಸಿಕೊಳ್ಳಿ ಎಂದರು. ಅದಕ್ಕೆಂದು ಅವಳು ದುಡ್ಡು ಹೊಂದಿಸಿ ಬಿಸ್ಕತ್ತಿನ ಡಬ್ಬಿಯಲ್ಲಿ ಎತ್ತಿಟ್ಟಳು. ಆವತ್ತಿನಿಂದ ಅವಳು ಯಾವ ಬಣ್ಣದ ಮಾತೆತ್ತಿದರೂ ಎದುರಿಗಿದ್ದವರು ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು.

ಸರಿಯಾಗಿ ಇಂಥ ಹೊತ್ತಿಗೇ ತಮ್ಮನ ಕಾಲು ಕೈಕೊಟ್ಟಿತು.

ತಮ್ಮ ಅವಳಿಗಿಂತ ಎಂಟು ವರ್ಷ ಚಿಕ್ಕವನು, ಅದೇ ಮಿಲ್ಲಿನಲ್ಲಿ ಬಾಯ್ಲರ್ ನೋಡಿಕೊಳ್ಳುವವನು. ಗಂಡ ತೀರಿದ ಮೇಲೆ ಬಣ್ಣದಕ್ಕ ಇರುವುದು ಅವನ ಮನೆಯ ಹಿಂದಿನ ಒಂದು ಕೋಣೆಯಲ್ಲಿ. ಮುಂದಿನ ಎರಡು ಕೋಣೆಗಳಲ್ಲಿ ತಮ್ಮ, ಅವನ ಹೆಂಡತಿ, ಜೆರಾಕ್ಸ್ ಅಂಗಡಿಯಲ್ಲಿ ಕೆಲಸ ಮಾಡುವ ಮಗಳು. ತಮ್ಮನಿಗೆ ಹದಿನೈದು ವರ್ಷದ ಸಕ್ಕರೆ ಕಾಯಿಲೆ. ಪಾದ ಎರಡೂ ಜೋಮು. ಬೂಟಿನ ತಳ ತೂತಾಗಿ ಬಿಸಿ ಕಿಟ್ಟದ ಚೂರೊಂದು ಒಳಗೆ ಸೇರಿ, ಇಡೀ ಒಂದು ಪಾಳಿ ಅದರ ಮೇಲೇ ನಡೆದಾಡಿದ್ದಾನೆ. ಮನೆಗೆ ಬಂದು ಕಾಲುಚೀಲ ತೆಗೆದಾಗಲೇ ಗೊತ್ತಾದದ್ದು. ಕಿರುಬೆರಳ ಬುಡದಿಂದ ಅಂಗಾಲಿನ ತನಕ ಹುಣ್ಣಾಯಿತು.

ಒಂದು ಗಂಟೆ ದಾರಿಯ ದೊಡ್ಡಾಸ್ಪತ್ರೆಯ ಡಾಕ್ಟರು ತಿಂಗಳಿಗೊಮ್ಮೆ ಬರಲು ಹೇಳಿದರು. ನಡುವೆ, ದಿನಾ ಮನೆಯಲ್ಲೇ ಡ್ರೆಸ್ಸಿಂಗ್, ಎಂಟು ದಿನಕ್ಕೊಂದು ಫೋಟೋ ಫೋನಿಗೆ ಕಳಿಸಿ ಅಂದರು. ತಮ್ಮ ಪಾಳಿ ಮುಗಿಸಿ ಬಂದು ಕೂತ ಮೇಲೆ, ಸಂಜೆ ದೀಪ ಹಾಕಿಕೊಂಡು, ಹೆಂಡತಿ ಪಟ್ಟಿ ಬಿಚ್ಚುತ್ತಿದ್ದಳು, ಮಗಳು ಫೋಟೋ ತೆಗೆಯುತ್ತಿದ್ದಳು. ಡಾಕ್ಟರು ಪ್ರತಿ ಸಲ ಒಂದೇ ಸಾಲು ಬರೆಯುತ್ತಿದ್ದರು: ಚೆನ್ನಾಗಿದೆ, ಹೀಗೇ ಮುಂದುವರಿಸಿ.

ಬಣ್ಣದಕ್ಕನಿಗೆ ತಾರೀಖು ಬರೆದಿಡುವ ಅಭ್ಯಾಸವಿಲ್ಲ. ಅವಳದು ಅವಳ ರೀತಿ. ಮಿಲ್ಲಿನ ಕಸದ ಬುಟ್ಟಿಯಲ್ಲಿ ನೂರಾರು ಬಣ್ಣದ ತುಂಡು ನೂಲು ಬಿದ್ದಿರುತ್ತದೆ. ಅದರಲ್ಲಿ ಒಂದು ಹಿಡಿ ತಂದು, ಫೋಟೋ ತೆಗೆಯುವ ಸಂಜೆ ಹುಣ್ಣಿನ ಅಂಚಿಗೆ ಒಂದೊಂದೇ ದಾರ ಹಿಡಿದು ನೋಡಿ, ಹೊಂದಿದ್ದನ್ನು ಒಂದು ಕೀಲಿಕೈ ರಿಂಗಿಗೆ ಗಂಟು ಹಾಕುತ್ತಿದ್ದಳು. ಒಂದು ವಾರಕ್ಕೆ ಒಂದು ದಾರ.

"ಅತ್ತೆ, ಅಪ್ಪನ ಕಾಲಿಗೆ ಮ್ಯಾಚಿಂಗ್ ಸ್ವೆಟರ್ ಹೆಣೀತೀರಾ?" ಎಂದು ತಮ್ಮನ ಮಗಳು ನಗುತ್ತಿದ್ದಳು.

"ಅಕ್ಕ, ನನ್ನ ಕಾಲು ನಿನ್ನ ಲಾಟಲ್ಲ, ಸರಿ ಇಲ್ಲ ಅಂತ ವಾಪಸ್ ಕಳಿಸೋಕೆ" ಎಂದು ತಮ್ಮ.

ಐದನೆಯ ವಾರ ರಿಂಗಿನಲ್ಲಿ ಐದು ದಾರವಾದವು. ಮೊದಲೆರಡು ಎಳೆಗೆಂಪು. ಮೂರನೆಯದು ಸ್ವಲ್ಪ ಮಂಕು. ನಾಲ್ಕನೆಯದಕ್ಕೆ ನೇರಳೆ ಕೂಡಿತ್ತು. ಐದನೆಯದು, ಬೂದಿ ಬೆರೆಸಿದ ನೇರಳೆ. ಬಣ್ಣದಕ್ಕ ಅದನ್ನು ಗಂಟು ಹಾಕಿದಳು. ಆಮೇಲೆ ಹುಡುಗಿ ತೆಗೆದ ಫೋಟೋ ನೋಡಿದಳು. ಫೋನಿನಲ್ಲಿ ಹುಣ್ಣು ಹೊಸದಾಗಿ ಹುಟ್ಟಿದ ಮಗುವಿನ ಕೆನ್ನೆಯ ಹಾಗೆ ಗುಲಾಬಿಯಾಗಿತ್ತು.

"ಇದಲ್ಲ ಬಣ್ಣ" ಅಂದಳು. "ಅಂಚು ಕಪ್ಪಾಗ್ತಾ ಇದೆ. ನಾಳೆನೇ ಆಸ್ಪತ್ರೆಗೆ ಹೋಗೋಣ ನಡಿ."

"ಡಾಕ್ಟ್ರು ಚೆನ್ನಾಗಿದೆ ಅಂದಿದ್ದಾರಲ್ಲ."

"ಡಾಕ್ಟ್ರು ಫೋಟೋ ನೋಡಿದ್ದಾರೆ. ನಾನು ಕಾಲು ನೋಡಿದೀನಿ."

ತಮ್ಮನಿಗೆ ಸಿಟ್ಟು ಬಂತು. ಅದಕ್ಕೆ ಕಾರಣವೂ ಇತ್ತು. ಈಗಾಗಲೇ ರಜೆ ಹೆಚ್ಚಾಗಿದೆ, ಇನ್ನೊಂದು ದಿನ ಹೋದರೆ ಬಾಯ್ಲರಿಗೆ ಬೇರೆಯವನನ್ನು ಹಾಕುತ್ತೇವೆ ಎಂದು ಮಿಲ್ಲಿನಲ್ಲಿ ಹೇಳಿಬಿಟ್ಟಿದ್ದರು. ನೋವಂತೂ ಇರಲಿಲ್ಲ. ಡಾಕ್ಟರ ಒಂದು ಸಾಲು ನಂಬಿ, ತಿಂಗಳಿಗೆ ಹೋಗಬೇಕಾದದ್ದನ್ನೂ ಅವನು ಮುಂದೂಡಿದ್ದ. ಅಂಗಾಲಿನ ಹುಣ್ಣು ಅವನಿಗೆ ಬಗ್ಗಿ ನೋಡಲು ಸಿಗದು, ಕನ್ನಡಿ ಹಿಡಿದರೆ ಅವನ ಕಣ್ಣಿಗೆ ಮಂಜು. ಫೋನಿನಲ್ಲಾದರೆ ದೊಡ್ಡದು ಮಾಡಿಕೊಂಡು ನೋಡಬಹುದು. ಐದು ವಾರದಿಂದ ತನ್ನ ಕಾಲನ್ನು ಅವನು ನೋಡಿದ್ದೇ ಫೋನಿನಲ್ಲಿ, ಅದು ವಾರದಿಂದ ವಾರಕ್ಕೆ ಚಂದವಾಗುತ್ತಿತ್ತು.

"ಪೊರೆ ಬಂದಿರೋದು ನಿನ್ನ ಕಣ್ಣಿಗೆ ಅಕ್ಕ" ಅಂದುಬಿಟ್ಟ. "ಫೋನಿನ ಕಣ್ಣಿಗಲ್ಲ."

ತಮ್ಮನ ಹೆಂಡತಿ ಕೈಯಲ್ಲಿದ್ದ ಪಟ್ಟಿಯ ಸುರುಳಿ ಹಾಗೇ ಹಿಡಿದುಕೊಂಡು ಅತ್ತಿಗೆಯ ಮುಖ ನೋಡಿದಳು. ಬಣ್ಣದಕ್ಕ ಎದ್ದಳು. ರಿಂಗನ್ನು ಚೀಲಕ್ಕೆ ಹಾಕಿಕೊಂಡು ತನ್ನ ಕೋಣೆಗೆ ಹೋದಳು.

ಮಾರನೇ ದಿನ ಮಿಲ್ಲಿನ ಕಿಟಕಿಯ ಹತ್ತಿರ ಕೂತು ಅವಳು ಲೆಕ್ಕ ಹಾಕಿದ್ದು ಹೀಗೆ. ನನ್ನ ಕಣ್ಣಿಗೆ ಹಳದಿ ಗಾಜು ಕಟ್ಟಿದೆ, ಒಪ್ಪೋಣ. ಹಾಗಾದರೆ ಕಾಲೂ ಹಳದಿ ಕಾಣಬೇಕು, ದಾರವೂ ಹಳದಿ ಕಾಣಬೇಕು, ಫೋನಿನ ಫೋಟೋನೂ ಹಳದಿ ಕಾಣಬೇಕು. ಮೂರನ್ನೂ ನೋಡಿದ್ದು ಒಂದೇ ಕೆಟ್ಟ ಕಣ್ಣು. ಕಾಲಿಗೂ ದಾರಕ್ಕೂ ಹೊಂದಿತು. ಕಾಲಿಗೂ ಫೋಟೋಗೂ ಹೊಂದಲಿಲ್ಲ. ಅಂದ ಮೇಲೆ ತಪ್ಪು ಕಣ್ಣಿನದಲ್ಲ. ಇಷ್ಟು ಯೋಚಿಸಿದ ಮೇಲೂ ಎದೆಯ ಒಂದು ಮೂಲೆಯಲ್ಲಿ ಆ ವಾಪಸ್ಸು ಬಂದ ಕಡುನೀಲಿ ಲಾಟು ಕೂತೇ ಇತ್ತು.

ಸಂಜೆ ಹುಡುಗಿಗೆ ಮೆಲ್ಲಗೆ ಕೇಳಿದಳು. "ನಿನ್ನ ಫೋನು ಬಣ್ಣ ಬದಲಾಯಿಸುತ್ತೇನೇ?"

ಹುಡುಗಿ ಮೊದಲು ನಕ್ಕಳು, ಆಮೇಲೆ ನಗಲಿಲ್ಲ. "ಮುಖ ಚಂದ ಮಾಡೋದು ಒಂದಿರುತ್ತೆ ಅತ್ತೆ. ನಾನು ಆಫ್ ಮಾಡಿದೀನಿ. ಆದ್ರೂ ಚರ್ಮ ಕಂಡ್ರೆ ಸಾಕು, ತಾನೇ ಒಂದಿಷ್ಟು ಮಾಡ್ಕೊಳುತ್ತೆ. ಮೊನ್ನೆ ನಮ್ಮ ಅಂಗಡಿ ಮಾಲೀಕರಿಗೆ ಗುರುತಿನ ಚೀಟಿಗೆ ಫೋಟೋ ತೆಗೆದೆ, ಅವರಿಗೆ ಅವರದೇ ಗುರುತು ಸಿಗಲಿಲ್ಲ." ಮತ್ತೆ ಹೇಳಿದಳು, "ನಮ್ಮ ಅಂಗಡಿ ಪಕ್ಕದ ಸ್ಟುಡಿಯೋದವರು ಒಂದು ಹಳೇ ಕ್ಯಾಮೆರಾ ಮಾರ್ತಾ ಇದ್ದಾರೆ. ಹೊಸದಾಗಿ ಕಲಿಯೋರು ತಗೊಳ್ಳೋ ಅಂಥದ್ದು. ಅದಕ್ಕೆ ಇಂಥ ಬುದ್ಧಿ ಇರಲ್ಲ."

"ಡಾಕ್ಟ್ರಿಗೆ ಅದರಿಂದ ಕಳಿಸೋಕಾಗುತ್ತಾ?"

"ನಮ್ಮ ಅಂಗಡಿ ಕಂಪ್ಯೂಟರಿಗೆ ಹಾಕಿ ಕಳಿಸಬಹುದು. ಆದ್ರೆ ದುಡ್ಡು..."

"ದುಡ್ಡು ಡಬ್ಬೀಲಿದೆ."

"ಅದು ನಿಮ್ಮ ಕಣ್ಣಿನದು ಅತ್ತೆ."

ಬಣ್ಣದಕ್ಕ ಡಬ್ಬಿ ತೆಗೆದು ಚೀಲಕ್ಕೆ ಹಾಕಿಕೊಂಡಳು.

ಮರುದಿನ ಮಿಲ್ಲಿಗೆ ಅರ್ಧ ರಜೆ ಹೇಳಿ, ಹನ್ನೊಂದೂವರೆಗೆ ಇಬ್ಬರೂ ಸ್ಟುಡಿಯೋಗೆ ಹೋದರು. ಅದನ್ನು ಸ್ಟುಡಿಯೋ ಅನ್ನುವುದು ಹಳೆಯ ಮರ್ಯಾದೆಗೆ. ಮುಂದೆ ಒಂದು ಗಾಜಿನ ಮೇಜು, ಹಿಂದೆ ಪರದೆ, ಪರದೆಯ ಮೇಲೆ ಬಣ್ಣ ಹೋದ ಸರೋವರದ ಚಿತ್ರ. ಮೇಜಿನ ಮೇಲೆ ಬಾಟಲಿ ಮುಚ್ಚಳಗಳಲ್ಲಿ ಸಾಸಿವೆಯಷ್ಟು ಸಣ್ಣ ಸಣ್ಣ ತಿರುಪುಗಳು. ಸ್ಟುಡಿಯೋದವರಿಗೂ ಬಣ್ಣದಕ್ಕನಷ್ಟೇ ವಯಸ್ಸಿರಬೇಕು, ಕನ್ನಡಕವನ್ನು ಹಣೆಯ ಮೇಲೆ ಏರಿಸಿಕೊಂಡೇ ಮಾತಾಡುತ್ತಿದ್ದರು.

ಕ್ಯಾಮೆರಾ ತೆಗೆದು ಒಂದು ಬಟ್ಟೆಯ ಮೇಲಿಟ್ಟರು. ಕರಿಯ ಮೈ. ಹಿಡಿಯುವ ಕಡೆಯ ರಬ್ಬರು ಎದ್ದು ಮತ್ತೆ ಅಂಟಿಸಿದ್ದು ಕಾಣುತ್ತಿತ್ತು. ಗುಂಡಿಗಳ ಮೇಲಿನ ಅಕ್ಷರ ಸವೆದಿದ್ದವು. ಅಕ್ಷರ ಹೇಗೂ ತನಗೆ ಬೇಡ ಎಂದುಕೊಂಡಳು ಬಣ್ಣದಕ್ಕ.

"ಮುಂಚೆನೇ ಹೇಳ್ಬಿಡ್ತೀನಮ್ಮ" ಅಂದರು ಅವರು. "ಇದು ಹಳೇದು. ಇದರ ಪರದೆ ಚಿಕ್ಕದು. ಕತ್ತಲಲ್ಲಿ ಇದಕ್ಕೆ ಕಣ್ಣೇ ಕಾಣಲ್ಲ. ಫೋನಿನ ಥರ ಒತ್ತಿದ ಕೂಡಲೇ ಕಳಿಸೋಕಾಗಲ್ಲ. ಒಬ್ಬಳು ಕಾಲೇಜು ಹುಡುಗಿ ಸಂಜೆ ಐದಕ್ಕೆ ಬಂದು ತಗೊಂಡು ಹೋಗ್ತೀನಿ ಅಂದಿದ್ದಾಳೆ. ನೀವು ಅದಕ್ಕೆ ಮುಂಚೆ ಹೇಳಿದ್ರೆ ನಿಮಗೆ."

"ಇದು ಸುಳ್ಳು ಹೇಳುತ್ತಾ?" ಕೇಳಿದಳು ಬಣ್ಣದಕ್ಕ.

ಅವರು ಕನ್ನಡಕ ಕೆಳಗಿಳಿಸಿ ಅವಳನ್ನು ನೋಡಿದರು. "ಎಲ್ಲಾ ಕ್ಯಾಮೆರಾನೂ ಹೇಳುತ್ತೆ. ಇದು ನಾವು ಹೇಳಿಕೊಟ್ಟಷ್ಟು ಮಾತ್ರ ಹೇಳುತ್ತೆ. ಫೋನು ತನಗೆ ತಾನೇ ತೀರ್ಮಾನ ಮಾಡ್ಕೊಂಡುಬಿಡುತ್ತೆ. ಇದಕ್ಕೆ ಮೊದಲು ಒಂದು ಬಿಳೀದು ತೋರಿಸಿ, ನೋಡಪ್ಪ, ಈ ಬೆಳಕಲ್ಲಿ ಇದು ಬಿಳಿ ಅನ್ನಬೇಕು. ಆಮೇಲೆ ಉಳಿದ ಬಣ್ಣ ತಾನೇ ಸರಿಹೋಗುತ್ತೆ."

ಬಣ್ಣದಕ್ಕನ ಮುಖದಲ್ಲಿ ಐದು ವಾರದಲ್ಲಿ ಮೊದಲ ಸಲ ಏನೋ ಸಡಿಲವಾಯಿತು. ಚೀಲದಿಂದ ಒಂದು ಪುಟ್ಟ ಲಡಿ ತೆಗೆದಳು. "ಯಾವ ಬಿಳಿ? ನಮ್ಮಲ್ಲಿ ಬಿಳೀಲೇ ಹನ್ನೊಂದಿದೆ. ಇದು ನೀಲಿ ಹಾಕದ ಬಿಳಿ."

"ಇದೇ ಆಗಬಹುದು" ಎಂದು ಅವರು ಲಡಿಯನ್ನು ಮೇಜಿನ ಮೇಲಿಟ್ಟು, ಕ್ಯಾಮೆರಾಕ್ಕೆ ಅದನ್ನು ತೋರಿಸಿ, ಅದರ ಪಕ್ಕ ತಮ್ಮ ಕೈ ಇಟ್ಟರು. ಅವಳು ಕೈಯ ಪಕ್ಕ ತನ್ನ ಐದು ದಾರದ ರಿಂಗು ಇಟ್ಟಳು. ಕ್ಯಾಮೆರಾದಲ್ಲಿ ಒಂದು ಫೋಟೋ ಆಯಿತು. ಅದೇ ಜಾಗದಲ್ಲಿ ಹುಡುಗಿ ಫೋನಿನಿಂದ ಒಂದು ತೆಗೆದಳು. ಎರಡನ್ನೂ ಪಕ್ಕಪಕ್ಕ ಹಿಡಿದರು. ಕ್ಯಾಮೆರಾದ ಚಿಕ್ಕ ಪರದೆಯಲ್ಲಿ ಮುದಿ ಕೈ, ಕಂದು ಕಲೆ, ಉಬ್ಬಿದ ನರ. ಫೋನಿನಲ್ಲಿ ಅದೇ ಕೈ ಹದಿನೈದು ವರ್ಷ ಚಿಕ್ಕದಾಗಿತ್ತು. ಆದರೆ ದಾರಗಳು ಎರಡರಲ್ಲೂ ಹೆಚ್ಚುಕಮ್ಮಿ ಒಂದೇ ಥರ. ಫೋನು ದಾರವನ್ನು ಬಿಟ್ಟು ಚರ್ಮವನ್ನು ಮಾತ್ರ ತಿದ್ದಿತ್ತು.

"ನನಗೆ ಫೋನಿನ ಕೈಯೇ ಇರಲಿ" ಎಂದು ಸ್ಟುಡಿಯೋದವರು ನಕ್ಕರು. ಹುಡುಗಿ ನಗಲಿಲ್ಲ. ಐದು ವಾರ ಡಾಕ್ಟರಿಗೆ ಫೋಟೋ ಕಳಿಸಿದ್ದು ಅವಳೇ.

ಬಣ್ಣದಕ್ಕ ಚೀಲದೊಳಗಿನ ಡಬ್ಬಿಗೆ ಕೈಹಾಕಿದಳು. ಅಷ್ಟರಲ್ಲಿ ಸ್ಟುಡಿಯೋದವರು, ರಿಂಗನ್ನು ಬಾಗಿಲಿನ ಬೆಳಕಿಗೆ ಹಿಡಿದು ಒಂದೊಂದೇ ದಾರ ನೋಡುತ್ತ, ಸುಮ್ಮನೆ ಕೇಳಿದರು. "ಚೆನ್ನಾಗಿ ಇಟ್ಟಿದ್ದೀರಿ. ಯಾವ ಬೆಳಕಲ್ಲಿ ಹೊಂದಿಸಿದ್ರಿ?"

ಡಬ್ಬಿಯ ಮೇಲಿದ್ದ ಕೈ ಅಲ್ಲೇ ನಿಂತಿತು.

ಸಂಜೆ. ಟ್ಯೂಬ್‌ಲೈಟು. ಐದಕ್ಕೆ ಐದೂ ದಾರ.

ಮೂವತ್ತೆಂಟು ವರ್ಷ ಮಾಲೀಕನ ಲಾರಿಯನ್ನು ಕಾಯಿಸಿದವಳು, ಒಡಹುಟ್ಟಿದವನ ಕಾಲನ್ನು ದೀಪದ ಕೆಳಗೆ ನೋಡಿ ಗಂಟು ಹಾಕಿದ್ದಳು. ಮಿಲ್ಲಿನ ಶಿಸ್ತು ಮಿಲ್ಲಿನ ಬಾಗಿಲಲ್ಲೇ ಉಳಿದುಹೋಗಿತ್ತು; ಮನೆಯಲ್ಲಿ ಕಾಲು ಕಾಲಾಗಿ ಕಂಡಿತೇ ಹೊರತು ಕೆಲಸವಾಗಿ ಕಾಣಲಿಲ್ಲ. ತಮ್ಮ ಹೇಳಿದ್ದೇ ಸರಿಯಿದ್ದರೆ? ನೇರಳೆ ಕಂಡದ್ದು ದೀಪದ್ದೇ ಆಗಿದ್ದರೆ? ಫೋನು ಕೈಯನ್ನು ತಿದ್ದುತ್ತದೆ ಅನ್ನುವುದು ಗೊತ್ತಾಯಿತು. ಆದರೆ ಕಾಲು ನಿಜಕ್ಕೂ ಯಾವ ಬಣ್ಣ ಅನ್ನುವುದು ಈಗ ಯಾರಿಗೂ ಗೊತ್ತಿಲ್ಲ.

"ಇದನ್ನ ಮನೆಗೆ ತಗೊಂಡು ಹೋಗಿ ನೋಡಬೇಕು" ಅಂದಳು. ಡಬ್ಬಿಯನ್ನೇ ತೆಗೆದು ಮೇಜಿನ ಮೇಲಿಟ್ಟಳು. "ಇದು ನಿಮ್ಮ ಹತ್ರ ಇರಲಿ. ಐದರೊಳಗೆ ಬೇಕು ಇಲ್ಲ ಬೇಡ ಹೇಳ್ತೀನಿ."

ಅವರು ಡಬ್ಬಿ ತೆರೆದು ನೋಡಲಿಲ್ಲ. ಹುಡುಗಿಗೆ ಬಿಳಿ ತೋರಿಸುವ ಗುಂಡಿ ಯಾವುದೆಂದು ಎರಡು ಸಲ ಹೇಳಿಕೊಟ್ಟು ಕ್ಯಾಮೆರಾವನ್ನು ಚೀಲಕ್ಕೆ ಹಾಕಿದರು.

ಆವತ್ತಿನಿಂದ ತಮ್ಮನ ಪಾಳಿ ಬದಲಾಗಿತ್ತು, ಎರಡು ಗಂಟೆಗೆ ಬಾಯ್ಲರ್ ಮುಂದೆ ನಿಲ್ಲಬೇಕು. ಇವರು ಮನೆ ಮುಟ್ಟಿದಾಗ ಒಂದಾಗಿತ್ತು. ಅವನು ಉಂಡು ಕೈತೊಳೆದು ಅಂಗಿ ಹಾಕಿಕೊಳ್ಳುತ್ತಿದ್ದ.

"ಪಟ್ಟಿ ಬಿಚ್ಚು, ಹಿತ್ತಲಿಗೆ ಬಾ" ಅಂದಳು ಬಣ್ಣದಕ್ಕ.

"ಏನು? ಈಗಲಾ? ಮಧ್ಯಾಹ್ನದ ಹೊತ್ತು ಕಾಲು ಬಿಚ್ಚಿ ತೋರಿಸೋಕೆ ಇದೇನು ಪ್ರದರ್ಶನಾನಾ?" ಚೀಲದಿಂದ ಹೊರಗೆ ಬಂದ ಕ್ಯಾಮೆರಾ ನೋಡಿದ. "ಇದೆಲ್ಲಿಂದ ಬಂತು? ಅಕ್ಕ, ಕಣ್ಣಿನ ದುಡ್ಡು ಏನು ಮಾಡಿದೆ?"

"ಇನ್ನೂ ಏನೂ ಮಾಡಿಲ್ಲ. ಬಾ."

"ನಾನು ಹೋಗ್ಬೇಕು. ಇವತ್ತು ತಡವಾದ್ರೆ ಕೆಲಸ ಹೋಗುತ್ತೆ, ನಿನಗೆ ಗೊತ್ತಿಲ್ವಾ? ಹುಣ್ಣು ವಾಸಿಯಾಗ್ತಾ ಇರೋ ಹೊತ್ತಲ್ಲಿ ನೀನೊಬ್ಬಳು..." ಬಾಗಿಲ ಹತ್ತಿರ ಬಗ್ಗಿ ತಡಕಾಡಿದ. "ನನ್ನ ಬೂಟು ಎಲ್ಲಿ?"

ಗೋಡೆಯ ಬದಿಯಲ್ಲಿ ಚಪ್ಪಲಿಗಳು ಮಾತ್ರ ಇದ್ದವು.

"ಬೂಟು ಎಲ್ಲಿ ಅಂದೆ."

"ನನ್ನ ಹತ್ರ ಇದೆ" ಅಂದಳು ಅವನ ಹೆಂಡತಿ ಒಳಕೋಣೆಯ ಬಾಗಿಲಲ್ಲಿ ನಿಂತು. ಮಾತು ಕಡಿಮೆಯ ಹೆಂಗಸು ಅವಳು, ಮದುವೆಯಾಗಿ ಇಪ್ಪತ್ತಾರು ವರ್ಷದಲ್ಲಿ ಅವನಿಗೆ ಎದುರಾಡಿದ್ದು ಬೆರಳಲ್ಲಿ ಎಣಿಸಬಹುದು. "ಕಾಲು ತೋರಿಸಿ, ಬೂಟು ಕೊಡ್ತೀನಿ."

"ನಿನಗೂ ತಲೆ ಕೆಟ್ಟಿತಾ?"

"ಮೂರು ದಿನದಿಂದ ವಾಸನೆ ಬರ್ತಾ ಇದೆ" ಅಂದಳು. "ಮುಲಾಮಿನದು, ಮುಲಾಮಿನದು ಅಂತ ಅಂದ್ಕೊಂಡೆ. ನಿಮ್ಮಿಬ್ಬರ ಮೂಗು ಮಿಲ್ಲಲ್ಲಿ ಸತ್ತುಹೋಗಿದೆ. ನನ್ನದು ಸತ್ತಿಲ್ಲ."

ತಮ್ಮ ಹೆಂಡತಿಯನ್ನೂ ಅಕ್ಕನನ್ನೂ ನೋಡಿದ. ಆಮೇಲೆ ಹಿತ್ತಲಿಗೆ ಹೋಗಿ, ಬಟ್ಟೆ ಒಗೆಯುವ ಕಲ್ಲಿನ ಮೇಲೆ ಧಪ್ಪೆಂದು ಕೂತ. "ಹತ್ತು ನಿಮಿಷ. ಹನ್ನೊಂದನೇ ನಿಮಿಷಕ್ಕೆ ಬರಿಗಾಲಲ್ಲೇ ಹೋಗ್ತೀನಿ."

ಹಿತ್ತಲ ಗೋಡೆಯ ನೆರಳು ಅಲ್ಲಿ ಬೀಳುತ್ತಿತ್ತು, ಬೆಳಕು ಬೇಕಾದಷ್ಟಿತ್ತು. ಬಣ್ಣದಕ್ಕ ಒಮ್ಮೆ ಮೇಲೆ ಆಕಾಶ ನೋಡಿ, ಕಲ್ಲಿನ ಮೇಲೆ ಕೂತವನನ್ನು ಒಂದು ಮೊಳ ಈ ಕಡೆ ಸರಿಸಿದಳು. ಹೆಂಡತಿ ಪಟ್ಟಿ ಬಿಚ್ಚಿ ಹುಣ್ಣು ತೊಳೆದಳು. ಹುಡುಗಿ ಕ್ಯಾಮೆರಾ ಎತ್ತಿದಳು.

"ತಡಿ. ಒದ್ದೆ ಇದೆ. ಆರಲಿ."

"ಅಕ್ಕ, ಪಾಳಿ!"

"ಆರಲಿ ಅಂದೆ."

ನಾಲ್ಕು ಜನ ಒಂದು ಅಂಗಾಲನ್ನು ನೋಡುತ್ತ ಕೂತರು. ತಂತಿಯ ಮೇಲಿನ ಬಟ್ಟೆ ಒಂದು ಸಲ ಅಲುಗಿ ನಿಂತಿತು. ಆರಿದ ಮೇಲೆ ಬಣ್ಣದಕ್ಕ ಬಗ್ಗಿ, ಐದನೆಯ ದಾರವನ್ನು ಅಂಚಿಗೆ ಹಿಡಿದಳು. ಹಿಡಿದವಳು ಹಾಗೇ ಇದ್ದಳು.

ದಾರ ಹೊಂದಲಿಲ್ಲ.

"ಇದು ತಪ್ಪು" ಅಂದಳು. "ನಾನು ಕಟ್ಟಿದ್ದು ತಪ್ಪು."

"ನೋಡಿದ್ರಾ!" ತಮ್ಮ ಎರಡೂ ಕೈ ಮೇಲೆತ್ತಿದ. "ನಾನು ಹೇಳಲಿಲ್ವಾ? ಬೂಟು ಕೊಡೇ."

"ಕೂತ್ಕೋ. ತಪ್ಪು ಆ ಕಡೆಗಲ್ಲ." ಅವಳ ದನಿ ಏರಲಿಲ್ಲ. "ದೀಪ ನನಗೂ ಚಂದ ಮಾಡಿ ತೋರಿಸಿದೆ. ಇದು ದಾರಕ್ಕಿಂತ ಕಪ್ಪಿದೆ ಕಣೋ."

ಚೀಲದ ತುಂಡು ನೂಲುಗಳನ್ನೆಲ್ಲ ಮಡಿಲಿಗೆ ಸುರಿದುಕೊಂಡಳು. ಒಂದು ಹಿಡಿದಳು, ಇಲ್ಲ. ಇನ್ನೊಂದು, ಇಲ್ಲ. ಕೊನೆಗೆ ಒಂದು ದಾರ ಅಂಚಿನ ಮೇಲೆ ಇಟ್ಟಾಗ ಅದು ಕಾಣದೇ ಹೋಯಿತು, ಅಷ್ಟು ಹೊಂದಿತು. ಹೊಗೆ ಹಿಡಿದ ಹಂಚಿನ ಬಣ್ಣ. ಮಿಲ್ಲಿನಲ್ಲಿ ಆ ಬಣ್ಣವನ್ನು ಕಂಬಳಿಯ ಅಂಚಿಗೆ ಬಿಟ್ಟು ಬೇರೆ ಯಾವುದಕ್ಕೂ ಹಾಕುವುದಿಲ್ಲ.

ಕಾಲಿನ ಪಕ್ಕ ಬಿಳಿ ಲಡಿ, ಲಡಿಯ ಪಕ್ಕ ಆ ದಾರ. ಹುಡುಗಿ ಮೊದಲು ಬಿಳಿ ತೋರಿಸಿ, ಆಮೇಲೆ ಕ್ಯಾಮೆರಾದಲ್ಲಿ ತೆಗೆದಳು. ಫೋನಿನಲ್ಲೂ ತೆಗೆದಳು. ಬಣ್ಣದಕ್ಕ ಎರಡನ್ನೂ ಇಸಿದುಕೊಂಡು ತಮ್ಮನ ಮುಖದ ಮುಂದೆ ಹಿಡಿದಳು.

"ಈ ದಾರ ನೋಡು. ಎರಡರಲ್ಲೂ ಒಂದೇ ದಾರ. ನನ್ನ ಕೈಯಲ್ಲಿರೋದೂ ಅದೇ, ಮುಟ್ಟಿ ನೋಡು. ಈಗ ಕಾಲು ನೋಡು."

ಫೋನಿನಲ್ಲಿ ದಾರ ಕಪ್ಪಾಗಿತ್ತು, ಕಾಲು ಕೆಂಪಗಿತ್ತು. ಕ್ಯಾಮೆರಾದಲ್ಲಿ ದಾರ ಎಲ್ಲಿ ಮುಗಿದು ಕಾಲು ಎಲ್ಲಿ ಶುರುವಾಗುತ್ತದೆ ಅನ್ನುವುದೇ ತಿಳಿಯುತ್ತಿರಲಿಲ್ಲ. ಹುಡುಗಿ ಗುಂಡಿ ಒತ್ತಿ ದೊಡ್ಡದು ಮಾಡಿ ಕೊಟ್ಟಳು. ಅವನು ಬಹಳ ಹೊತ್ತು ನೋಡಿದ.

"ಇದು ನನ್ನ ಕಾಲಾ?"

"ಇನ್ಯಾರದು ಇಟ್ಕೊಂಡು ಓಡಾಡ್ತಾ ಇದ್ದೀಯ?" ಅಂದಳು ಅಕ್ಕ. ಬೈಗುಳದಂತೆ ಶುರುವಾದ ಮಾತು ಕೊನೆಗೆ ಹಾಗೆ ಉಳಿಯಲಿಲ್ಲ.

ಪಾಳಿಯ ಮಾತು ಮತ್ತೆ ಬರಲಿಲ್ಲ.

ಹುಡುಗಿ ಕ್ಯಾಮೆರಾ ಹಿಡಿದುಕೊಂಡು ಜೆರಾಕ್ಸ್ ಅಂಗಡಿಗೆ ಓಡಿದಳು. ಎರಡೂ ಫೋಟೋ ಡಾಕ್ಟರಿಗೆ ಹೋದವು. ಯಾವಾಗಲೂ ಸಂಜೆ ಒಂದು ಸಾಲು ಬರೆಯುತ್ತಿದ್ದವರು ಹತ್ತು ನಿಮಿಷದಲ್ಲಿ ತಾವೇ ಫೋನು ಮಾಡಿದರು. ಈಗಲೇ ಹೊರಡಿ, ಕಾಲು ನೆಲಕ್ಕೆ ಊರಿಸಬೇಡಿ ಅಂದರು. ಓಣಿಯ ಮೂಲೆಯಿಂದ ಒಂದು ಬಾಡಿಗೆ ಕಾರು ಬಂತು. ತಮ್ಮ, ಹೆಂಡತಿ, ಬಣ್ಣದಕ್ಕ ಹತ್ತಿದರು. ಅರ್ಧ ದಾರಿಯಲ್ಲಿ ತಮ್ಮ ಒಂದು ಸಲ, "ನೋವಿಲ್ಲ ಅಕ್ಕ, ನಿಜವಾಗ್ಲೂ ನೋವಿಲ್ಲ" ಅಂದ. "ಅದೇ ಕಣೋ" ಅಂದಳು ಅವಳು.

ಮೂರೂವರೆಗೆ ಅವನನ್ನು ಒಳಗೆ ಕರೆದುಕೊಂಡು ಹೋದರು. ಹೊರಗೆ ಉದ್ದನೆಯ ಬೆಂಚು, ಎದುರಿಗೆ ಗಡಿಯಾರ, ಗಡಿಯಾರದ ಕೆಳಗೆ ಎರಡೂ ಕಡೆ ತೂಗಿ ಮುಚ್ಚಿಕೊಳ್ಳುವ ಬಾಗಿಲು. ತಮ್ಮನ ಹೆಂಡತಿಯ ಕಾಲ ಬಳಿಯ ಚೀಲದಲ್ಲಿ ಗಂಡನ ಬೂಟುಗಳಿದ್ದವು. ಯಾಕೆ ತಂದಳೋ ಅವಳಿಗೇ ಗೊತ್ತಿಲ್ಲ, ಕೈಯಲ್ಲಿದ್ದದ್ದನ್ನು ಹಾಗೇ ಚೀಲಕ್ಕೆ ಹಾಕಿಕೊಂಡು ಬಂದಿದ್ದಳು. ನಾಲ್ಕಕ್ಕೆ ಒಬ್ಬರು ನರ್ಸು ಬಂದು ಒಂದು ಕಾಗದಕ್ಕೆ ರುಜು ಕೇಳಿದರು. ತಮ್ಮನ ಹೆಂಡತಿ ಓದಿ, ಎರಡನೇ ಸಲ ಓದಿ, ಅತ್ತಿಗೆಯ ಕಡೆ ತಿರುಗಿದಳು.

"ಎಷ್ಟು ತೆಗೀಬೇಕು ಅನ್ನೋದು ಒಳಗೆ ನೋಡಿ ತೀರ್ಮಾನ ಮಾಡ್ತಾರಂತೆ. ಬೆರಳು, ಇಲ್ಲ ಪಾದ."

"ಹಾಕು" ಅಂದಳು ಬಣ್ಣದಕ್ಕ. ಅವಳು ಹಾಕಿದಳು.

ಐದಕ್ಕೆ ಹತ್ತು ನಿಮಿಷವಿದ್ದಾಗ ಫೋನು ಹೊಡೆದುಕೊಂಡಿತು. ಹುಡುಗಿ.

"ಅಪ್ಪ ಹೇಗಿದ್ದಾರೆ?"

"ಇನ್ನೂ ಒಳಗಿದ್ದಾನೆ. ಏನೂ ಹೇಳಿಲ್ಲ."

"ಅತ್ತೆ, ಸ್ಟುಡಿಯೋದವರ ಹತ್ರ ಇದ್ದೀನಿ. ಆ ಕಾಲೇಜು ಹುಡುಗಿ ಬಂದು ಕೂತಿದ್ದಾಳೆ. ಏನು ಹೇಳಲಿ?" ದನಿ ತಗ್ಗಿಸಿದಳು. "ಡಾಕ್ಟ್ರು ನೋಡಿಯಾಯ್ತಲ್ಲ. ಕ್ಯಾಮೆರಾ ತನ್ನ ಕೆಲಸ ಮಾಡಿತು. ವಾಪಸ್ ಕೊಟ್ಟುಬಿಡ್ತೀನಿ, ಡಬ್ಬಿ ತಗೊಂಡು ಬರ್ತೀನಿ. ನಿಮ್ಮ ಆಪರೇಷನ್ ಆಗಲಿ. ನಿಮ್ಮ ಕೆಲಸನೂ ಉಳಿಯಬೇಕಲ್ಲ ಅತ್ತೆ."

ಬಣ್ಣದಕ್ಕ ಗಡಿಯಾರ ನೋಡಿದಳು. ಹುಡುಗಿ ಹೇ‍ಳಿದ್ದು ನ್ಯಾಯವಾದ ಮಾತೇ. ಕಣ್ಣು ಹೀಗೇ ಇದ್ದರೆ ಇನ್ನೆರಡು ಲಾಟು ವಾಪಸ್ಸು ಬರುತ್ತವೆ, ಆಮೇಲೆ ಆ ಕಿಟಕಿಯ ಹತ್ತಿರ ಬೇರೆ ಯಾರೋ ಕೂರುತ್ತಾರೆ. ಒಳಗೆ ಪಾದ ಹೋದರೆ, ಫೋಟೋ ತೆಗೆಯಲು ಹುಣ್ಣೇ ಇರುವುದಿಲ್ಲ. ಪಾದ ಉಳಿದರೆ ವಾರ ವಾರ ನೋಡಬೇಕು. ಕ್ಯಾಮೆರಾ ಬೇಡ ಅನ್ನುವುದೂ ಪಾದ ಹೋಯಿತು ಅನ್ನುವುದೂ ಒಂದೇ ಆದ ಹಾಗೆ ಅವಳಿಗೆ ಅನಿಸಿತು; ಹಾಗೆ ಅನಿಸಿದ್ದನ್ನು ಅವಳು ನಂಬಲಿಲ್ಲ. ದಾರವನ್ನು ಎರಡನೇ ಸಲ ಹಿಡಿದು ನೋಡುವಂತೆ ಮತ್ತೆ ಮೊದಲಿಂದ ನೋಡಿದಳು. ಬಾಗಿಲು ತೂಗಿತು, ಯಾರೋ ಬಕೆಟ್ಟು ಹಿಡಿದು ಹೊರಗೆ ಬಂದು ಹೋದರು.

"ಅತ್ತೆ? ಐದಕ್ಕೆ ನಾಲ್ಕು ನಿಮಿಷ ಇದೆ."

"ತಗೊಂಡೆವು ಅಂತ ಹೇಳು."

"ಅತ್ತೆ, ಒಂದು ವೇಳೆ..."

"ಒಂದು ವೇಳೆ ಆ ಪಾದ ಹೋದರೂ ಅವನಿಗೆ ಇನ್ನೊಂದು ಕಾಲಿದೆ. ಅದೂ ಜೋಮೇ. ಹೇಳು ಹೋಗು." ಫೋನು ಇಡುವ ಮುಂಚೆ ಸೇರಿಸಿದಳು, "ನನ್ನ ಪೊರೆ ಎಲ್ಲೂ ಓಡಿಹೋಗಲ್ಲ. ಅದನ್ನ ತೆಗೆಸೋತನಕ ಮಿಲ್ಲಿಗೂ ಆ ಕ್ಯಾಮೆರಾನೇ ತಗೊಂಡು ಹೋಗ್ತೀನಿ. ಅದಕ್ಕೆ ಬಿಳಿ ತೋರಿಸೋಕೆ ನನಗೆ ಬರುತ್ತೆ."

ಡಾಕ್ಟರು ಹೊರಗೆ ಬಂದದ್ದು ಐದೂಕಾಲಿಗೆ. ಮುಖದ ಮಾಸ್ಕು ಗದ್ದಕ್ಕೆ ಇಳಿಸಿದರು. ಎರಡು ಬೆರಳು ತೆಗೆದಿದ್ದೇವೆ, ಅಂಗಾಲನ್ನು ಕೆರೆದು ಶುದ್ಧ ಮಾಡಿದ್ದೇವೆ, ಪಾದ ಈಗಿನ ಮಟ್ಟಿಗೆ ಉಳಿದಿದೆ ಅಂದರು. "ಮಾತು ಕೊಡೋಕಾಗಲ್ಲ. ಕಪ್ಪು ಮೇಲೆ ಏರಿದ್ರೆ ಮತ್ತೆ ತೆಗೀಬೇಕಾಗುತ್ತೆ. ಇನ್ನೊಂದು ವಾರ ತಡವಾಗಿದ್ರೆ ಈ ಮಾತೂ ಇರ್ತಿರಲಿಲ್ಲ." ತಮ್ಮನ ಹೆಂಡತಿ ಬೂಟಿನ ಚೀಲವನ್ನು ಎದೆಗೆ ಅವುಚಿಕೊಂಡು ಅಳತೊಡಗಿದಳು. ಡಾಕ್ಟರು ಬಣ್ಣದಕ್ಕನ ಕಡೆ ನೋಡಿದರು. "ಫೋಟೋದಲ್ಲಿ ಪಕ್ಕ ದಾರ ಇಟ್ಟವರು ನೀವಾ? ಇನ್ನು ಮುಂದೆ ದಿನಾ ಒಂದು ಬೇಕು. ಅದೇ ಥರ, ಅದೇ ಕ್ಯಾಮೆರಾದಲ್ಲಿ."

"ಆಯ್ತು" ಅಂದಳು.

ಡಾಕ್ಟರು ಹೋದ ಮೇಲೆ ಬೆಂಚಿನ ಮೇಲೆ ಕೂತು, ರಿಂಗಿನಿಂದ ಐದೂ ದಾರದ ಗಂಟು ಬಿಚ್ಚಿದಳು. ದೀಪದಲ್ಲಿ ಹೊಂದಿಸಿದ್ದು ಒಂದೂ ಅದರಲ್ಲಿ ಇರಬಾರದು. ಹಂಚಿನ ಬಣ್ಣದ ದಾರವನ್ನು ಮಾತ್ರ ಕಟ್ಟಿದಳು, ಹಗಲಲ್ಲಿ ನೋಡಿದ್ದು ಅದೊಂದೇ. ಆಮೇಲೆ ಎದ್ದು, ಆ ಕಡೆ ಹೋಗುತ್ತಿದ್ದ ನರ್ಸನ್ನು ನಿಲ್ಲಿಸಿದಳು.

"ನಾಳೆ ಅವನ ಮಂಚ ಎಲ್ಲಿ ಹಾಕ್ತೀರಮ್ಮ? ಬಿಸಿಲು ನೇರ ಬೀಳದ ಕಿಟಕಿ ಯಾವ ಕಡೆ ಇದೆ ಇಲ್ಲಿ?"